ಆನ್‌ಲೈನ್ ಕಲಿಕೆಗೆ ಮುನ್ನ ವಿದ್ಯಾರ್ಥಿಯ ಸ್ವಯಂ ಲೆಕ್ಕಪರಿಶೋಧನೆ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 59ನೆಯ ಕಲಮು ನಮ್ಮ ವರ್ತಕ ಬಾಂಧವರಿಗೆ ಹೊಸದೇನಲ್ಲ. ನೋಂದಾಯಿತ ವ್ಯಕ್ತಿಯು ತಾನು ಕೊಡಬೇಕಾದ ತೆರಿಗೆಯನ್ನು ತಾನೇ ನಿರ್ಧರಿಸಿಕೊಂಡು ವಿವರಪಟ್ಟಿ ಸಲ್ಲಿಸಬೇಕೆಂದು ಅದು ಹೇಳುತ್ತದೆ. ಅಂದರೆ ಕಾನೂನು ವರ್ತಕನ ಮಾತನ್ನು ಮೊದಲು ನಂಬುತ್ತದೆ. ಆದರೆ ಅದೇ ಕಾಯ್ದೆಯ 35ನೆಯ ಕಲಮು ಲೆಕ್ಕಪುಸ್ತಕಗಳನ್ನು ಇಡಲು ಹೇಳುತ್ತದೆ. 61ನೆಯ ಕಲಮು ಸಲ್ಲಿಸಿದ ವಿವರಪಟ್ಟಿಯನ್ನು ಪರಿಶೀಲಿಸುವ ಅಧಿಕಾರವನ್ನು ಅಧಿಕಾರಿಗೆ ಕೊಡುತ್ತದೆ. ಪುಸ್ತಕವಿಲ್ಲದ ಸ್ವಯಂ ನಿರ್ಧರಣೆಯು ಬರಿಯ ಬಾಯಿಮಾತು ಎಂಬುದನ್ನು ನೋಟಿಸು ಪಡೆದ ಯಾವ ಸದಸ್ಯರಿಗೂ ನಾನು ವಿವರಿಸಬೇಕಾಗಿಲ್ಲ.

ಇದೇ ಬಗೆಯ ಸ್ವಯಂ ನಿರ್ಧರಣೆಯೊಂದು ಈಗ ನಮ್ಮ ಮಕ್ಕಳ ಶಿಕ್ಷಣದಲ್ಲಿಯೂ ಬಂದಿದೆ. ಆನ್‌ಲೈನ್ ತರಗತಿಗೆ ಸೇರುವ ಮೊದಲು ವಿದ್ಯಾರ್ಥಿಯು ಒಂದು ಪ್ರಶ್ನಾವಳಿಯನ್ನು ತುಂಬಿ, ಇಂತಹ ಕಲಿಕೆಗೆ ತಾನು ಎಷ್ಟರಮಟ್ಟಿಗೆ ಸಿದ್ಧನಿದ್ದೇನೆ ಎಂಬುದನ್ನು ತಾನೇ ಅಳೆದುಕೊಳ್ಳುವ ಕ್ರಮವಿದು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳಿಂದ ನಮ್ಮ ಕಚೇರಿಗಳಿಗೂ ಅಂಗಡಿಗಳಿಗೂ ಬರುವ ಹುಡುಗ ಹುಡುಗಿಯರನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನಾವಳಿಯ ಉಪಯೋಗವನ್ನೂ ಅದರ ಕೊರತೆಯನ್ನೂ ಇಲ್ಲಿ ಪರಿಶೀಲಿಸಬಯಸುತ್ತೇನೆ.

ಮೊದಲಿಗೆ, ಇದು ಬೇಕಾದವರು ಮಾತ್ರ ನೋಡಿಕೊಳ್ಳುವ ವಿಷಯವಾಗಿ ಉಳಿದಿಲ್ಲ. ನನ್ನ ವೃತ್ತಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 2023ರ ಜುಲೈ 1ರಿಂದ ಜಾರಿಗೆ ತಂದ ಹೊಸ ಶಿಕ್ಷಣ ಯೋಜನೆಯಲ್ಲಿ ಪ್ರಾಯೋಗಿಕ ತರಬೇತಿಯ ಅವಧಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಯಿತು. ಅದರ ಜೊತೆಗೆ, ವಿದ್ಯಾರ್ಥಿಯು ತನ್ನದೇ ವೇಗದಲ್ಲಿ ಆನ್‌ಲೈನ್ ಮೂಲಕ ಓದಿ ಮುಗಿಸಬೇಕಾದ ನಾಲ್ಕು ಗುಂಪುಗಳ ಪಾಠಗಳು ಬಂದವು. ಮೊದಲ ಎರಡು ಕಡ್ಡಾಯ, ಉಳಿದೆರಡು ಆಯ್ಕೆಯವು. ಪ್ರತಿಯೊಂದರಲ್ಲಿಯೂ ಶೇಕಡಾ 50 ಅಂಕ ಪಡೆಯದೆ ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ. ಪದವಿ ಕಾಲೇಜುಗಳ ಕಡೆ ನೋಡಿದರೆ, 2017ರ ಜುಲೈನಲ್ಲಿ ಕೇಂದ್ರ ಸರ್ಕಾರವು ‘ಸ್ವಯಂ’ ವೇದಿಕೆಯನ್ನು ಆರಂಭಿಸಿತು. ಅದರ ಪಾಠಗಳ ಮೂಲಕ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ವಿಷಯಗಳವರೆಗೆ ಕ್ರೆಡಿಟ್ ಕೊಡಲು ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮಾವಳಿ ಅವಕಾಶ ಮಾಡಿಕೊಟ್ಟಿತು. ಹೀಗಾಗಿ ಯಾವ ಹಳ್ಳಿಯ ವಿದ್ಯಾರ್ಥಿಯೂ ‘ನಮಗೆ ಆನ್‌ಲೈನ್ ಬೇಡ’ ಎಂದು ದೂರ ಸರಿಯುವ ಸ್ಥಿತಿ ಇಲ್ಲ. ನಾವು ಓದುವಾಗ ಹುಬ್ಬಳ್ಳಿಯಲ್ಲಿಯೋ ಧಾರವಾಡದಲ್ಲಿಯೋ ರೂಮು ಮಾಡಿಕೊಂಡು, ಊರಿನಿಂದ ಬಸ್ಸಿಗೆ ಹಾಕಿ ಕಳಿಸಿದ ರೊಟ್ಟಿಗಂಟು ಬಿಡಿಸಿಕೊಂಡು ಉಣ್ಣುತ್ತಿದ್ದೆವು. ಇಂದಿನ ಹುಡುಗನಿಗೆ ಅದು ತಪ್ಪಿದೆ, ಅದರ ಖರ್ಚೂ ತಪ್ಪಿದೆ. ಆದರೆ ರೂಮಿನಲ್ಲಿ ಸಿಗುತ್ತಿದ್ದ ಓದುವ ವಾತಾವರಣವನ್ನು ಅವನು ಮನೆಯಲ್ಲಿ ತಾನೇ ನಿರ್ಮಿಸಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನವಲಗುಂದ ತಾಲೂಕಿನ ಒಬ್ಬ ಹುಡುಗನನ್ನು ಅವನ ತಂದೆ ನನ್ನ ಕಚೇರಿಗೆ ಕರೆದುಕೊಂಡು ಬಂದರು. ಹೆಸರು ಮಾರಿದ ಹಣದಲ್ಲಿ ಒಂದು ಖಾಸಗಿ ತರಬೇತಿ ಕೇಂದ್ರದ ಆನ್‌ಲೈನ್ ಕೋರ್ಸಿಗೆ ಶುಲ್ಕ ತುಂಬಿಯಾಗಿತ್ತು. ಸೇರುವಾಗ ಕೊಟ್ಟ ಸಿದ್ಧತೆಯ ಪ್ರಶ್ನಾವಳಿಯಲ್ಲಿ ಹುಡುಗನಿಗೆ ಉತ್ತಮ ಅಂಕಗಳೇ ಬಂದಿದ್ದವು. ಎರಡು ಸಲ ಫೌಂಡೇಶನ್ ಪರೀಕ್ಷೆ ಬರೆದು ಎರಡೂ ಸಲ ಅನುತ್ತೀರ್ಣನಾಗಿದ್ದ. ಪ್ರಶ್ನಾವಳಿಯನ್ನು ಹೇಗೆ ತುಂಬಿದೆ ಎಂದು ಕೇಳಿದೆ. ‘ಎಲ್ಲಾದಕ್ಕೂ ಹೌದಂತ ಹಾಕಿದ್ನಿರಿ ಸರ. ಇಲ್ಲಂತ ಹಾಕಿದ್ರ ಸೀಟು ಕೊಡೂದಿಲ್ಲೇನೋ ಅಂತ ಅಂಜಿದ್ನಿ’ ಎಂದ. ತಂದೆ ಒಂದು ಮಾತೂ ಆಡದೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಹುಡುಗ ಸುಳ್ಳುಗಾರನಲ್ಲ. ಪ್ರಶ್ನಾವಳಿಯನ್ನು ಅವನು ಅರ್ಜಿ ಎಂದು ತಿಳಿದಿದ್ದ; ಅದು ತನಗಾಗಿಯೇ ಇರುವ ಲೆಕ್ಕವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಶುಲ್ಕ ಬರಬೇಕಾದವರೇ ಸಿದ್ಧತೆಯ ಪರೀಕ್ಷೆಯನ್ನೂ ನಡೆಸಿದರೆ ಅದರ ಸ್ವಾತಂತ್ರ್ಯದ ಬಗೆಗೆ ಲೆಕ್ಕಪರಿಶೋಧಕನಾದವನಿಗೆ ಸಂಶಯ ಬರುವುದು ಸಹಜ.

ಇಂತಹ ಪ್ರಶ್ನಾವಳಿಗಳು ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಅವುಗಳ ಹಿಂದೆ ಗಂಭೀರ ಅಧ್ಯಯನವಿದೆ. ಮ್ಯಾಕ್‌ವೇ ಎಂಬ ಶಿಕ್ಷಣತಜ್ಞೆ 2000ದ ಸುಮಾರಿಗೆ ಸಿದ್ಧಪಡಿಸಿದ 13 ಪ್ರಶ್ನೆಗಳ ಮಾಪನವನ್ನು ಆಸ್ಟ್ರೇಲಿಯಾದ ಸಂಶೋಧಕರು 2003ರಲ್ಲಿ ಪರಿಶೀಲಿಸಿದರು. ಉತ್ತರಗಳು ಎರಡು ಗುಣಗಳ ಸುತ್ತ ಗುಂಪುಗೂಡುವುದನ್ನು ಅವರು ಕಂಡರು: ಆನ್‌ಲೈನ್ ವಿಧಾನದೊಡನೆ ವಿದ್ಯಾರ್ಥಿಗಿರುವ ಸಲೀಸು ಒಂದು, ತನ್ನ ಕಲಿಕೆಯನ್ನು ತಾನೇ ನಿರ್ವಹಿಸಿಕೊಳ್ಳುವ ಶಕ್ತಿ ಇನ್ನೊಂದು. 2010ರಲ್ಲಿ ತೈವಾನಿನ ಸಂಶೋಧಕರು ಪ್ರಕಟಿಸಿದ 18 ಪ್ರಶ್ನೆಗಳ ಮಾಪನವು ಇದನ್ನು ಐದಾಗಿ ವಿಂಗಡಿಸಿತು. ಸ್ವಯಂಪ್ರೇರಿತ ಕಲಿಕೆ, ಕಲಿಯುವ ಉತ್ಸಾಹ, ಗಣಕಯಂತ್ರ ಮತ್ತು ಅಂತರ್ಜಾಲದ ಬಳಕೆಯಲ್ಲಿ ಆತ್ಮವಿಶ್ವಾಸ, ಕಲಿಕೆಯ ಮೇಲೆ ಹಿಡಿತ, ಆನ್‌ಲೈನ್ ಸಂವಹನದಲ್ಲಿ ಆತ್ಮವಿಶ್ವಾಸ ಎಂಬುವೇ ಆ ಐದು.

ಕೊರತೆ ಇರುವುದು ಬೇರೆ ಕಡೆ. ಈ ಮಾಪನಗಳೆಲ್ಲ ವಿದ್ಯಾರ್ಥಿಯ ಅಭಿಪ್ರಾಯವನ್ನು ಕೇಳುತ್ತವೆ, ದಾಖಲೆಯನ್ನು ಕೇಳುವುದಿಲ್ಲ. ‘ನಾನು ಸಮಯವನ್ನು ಚೆನ್ನಾಗಿ ನಿರ್ವಹಿಸುತ್ತೇನೆ’ ಎಂಬ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಗೋದಾಮಿಗೆ ಹೋಗದೆ ಗಾದಿಯ ಮೇಲೆ ಕುಳಿತೇ ವರ್ಷಾಂತ್ಯದ ದಾಸ್ತಾನನ್ನು ಬರೆದು ಕೊಟ್ಟಂತೆ ಇದು. ಮಾಲು ಇಲ್ಲವೆಂದಲ್ಲ, ಎಷ್ಟಿದೆ ಎಂಬುದು ಎಣಿಸಿದ ಮೇಲೆ ಗೊತ್ತಾಗಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನ್ನಿಂಗ್ 1999ರಲ್ಲಿ ನಡೆಸಿದ ಪ್ರಸಿದ್ಧ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ಅತ್ಯಂತ ಹಿಂದೆ ಬಿದ್ದವರೇ ತಮ್ಮನ್ನು ಸರಾಸರಿಗಿಂತ ಮೇಲೆಂದು ಭಾವಿಸಿದ್ದು ಕಂಡುಬಂದಿತು. ಸಿದ್ಧತೆ ಕಡಿಮೆ ಇದ್ದವನಿಗೇ ತನ್ನ ಸಿದ್ಧತೆಯನ್ನು ಅಳೆಯುವುದು ಕಷ್ಟ.

ಆದುದರಿಂದ ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ನಾನು ಒಂದು ಬದಲಿ ಕ್ರಮವನ್ನು ಹೇಳುತ್ತ ಬಂದಿದ್ದೇನೆ. ಪ್ರಶ್ನಾವಳಿ ತುಂಬುವ ಮೊದಲು ಏಳು ದಿನ ಒಂದು ರೋಜಕೀರ್ದಿ ಬರೆಯಿರಿ. ಇಂದು ಎಷ್ಟು ಹೊತ್ತಿಗೆ ಓದಲು ಕುಳಿತೆ, ಎಷ್ಟು ಹೊತ್ತಿಗೆ ಎದ್ದೆ, ಯಾರು ಎಬ್ಬಿಸಿದರು, ಯಾತಕ್ಕೆ, ಇಷ್ಟು ಸಾಕು. ಇದಕ್ಕೆ ವೋಚರೂ ಉಂಟು. ಬಹುತೇಕ ಆಂಡ್ರಾಯ್ಡ್ ಮೊಬೈಲುಗಳ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಅನ್ನು ಎಷ್ಟು ನಿಮಿಷ ಬಳಸಲಾಯಿತು ಎಂಬುದು ದಿನವಾರು ಸಿಗುತ್ತದೆ. ಕೀರ್ದಿಯಲ್ಲಿ ಎರಡು ತಾಸು ಓದು ಎಂದಿದ್ದು, ಮೊಬೈಲಿನಲ್ಲಿ ಪಾಠದ ಆ್ಯಪ್ ನಲವತ್ತು ನಿಮಿಷವನ್ನೂ ರೀಲ್ಸ್ ಒಂದು ತಾಸನ್ನೂ ತೋರಿಸಿದರೆ, ತಾಳೆ ಎಲ್ಲಿ ತಪ್ಪಿತು ಎಂದು ಬೇರೆಯವರು ಹೇಳಬೇಕಾಗಿಲ್ಲ. ಏಳನೆಯ ದಿನ ಪ್ರಶ್ನಾವಳಿಯನ್ನು ಮುಂದಿಟ್ಟುಕೊಂಡು ಪ್ರತಿ ಪ್ರಶ್ನೆಗೂ ಕೀರ್ದಿಯ ಆಧಾರದಿಂದಲೇ ಉತ್ತರ ಬರೆಯಬೇಕು. ‘ಸಂದೇಹ ಬಂದರೆ ಶಿಕ್ಷಕರನ್ನು ಆನ್‌ಲೈನಿನಲ್ಲಿ ಕೇಳಬಲ್ಲೆ’ ಎಂಬುದಕ್ಕೆ ಉತ್ತರ ಹೌದು ಅಥವಾ ಅಲ್ಲ ಎಂದಿರುವುದಿಲ್ಲ. ಈ ವಾರ ಎಷ್ಟು ಸಲ ಕೇಳಿದೆ ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಸೊನ್ನೆಯಾದರೂ ಚಿಂತೆಯಿಲ್ಲ, ಬರೆದಿರಬೇಕು.

ಆತ್ಮವಿಶ್ವಾಸವನ್ನು ಅಳೆಯಲು ಇನ್ನೊಂದು ಸಣ್ಣ ಉಪಾಯವಿದೆ. ಫೌಂಡೇಶನ್ ಹಂತದ ವಸ್ತುನಿಷ್ಠ ಪತ್ರಿಕೆಗಳಲ್ಲಿ ಒಂದು ಅಂಕದ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಕಾಲು ಅಂಕ ಕಡಿತವಾಗುತ್ತದೆ. ಅಭ್ಯಾಸಕ್ಕಾಗಿ ಹಳೆಯ ಪತ್ರಿಕೆ ಬಿಡಿಸುವಾಗ ಪ್ರತಿ ಉತ್ತರದ ಪಕ್ಕದಲ್ಲಿ ‘ಖಾತ್ರಿ’ ಅಥವಾ ‘ಅಂದಾಜು’ ಎಂದು ಗುರುತು ಹಾಕಿ, ನಂತರ ತಾಳೆ ನೋಡಬೇಕು. ಖಾತ್ರಿ ಎಂದು ಬರೆದ ಇಪ್ಪತ್ತರಲ್ಲಿ ಎಂಟು ತಪ್ಪಾಗಿದ್ದರೆ, ಆ ವಿದ್ಯಾರ್ಥಿಯು ವಿಡಿಯೋ ನೋಡಿದ್ದನ್ನೇ ಕಲಿತದ್ದೆಂದು ಭಾವಿಸುತ್ತಿದ್ದಾನೆ ಎಂದು ತಿಳಿಯಬಹುದು. ಆನ್‌ಲೈನ್ ಪಾಠದ ದೊಡ್ಡ ಮೋಸವೇ ಇದು. ಬೋಧಕರು ಬಿಡಿಸುವ ಲೆಕ್ಕವು ನೋಡುವಷ್ಟು ಹೊತ್ತು ತಿಳಿದಂತೆಯೇ ಇರುತ್ತದೆ.

ಭಾಷೆಯ ಪ್ರಶ್ನೆಯನ್ನು ಮೇಲೆ ಹೇಳಿದ ವಿದೇಶಿ ಮಾಪನಗಳು ಬೇರೆಯಾಗಿ ಅಳೆಯುವುದಿಲ್ಲ. ನಮ್ಮ ಕಡೆ ಅದನ್ನೇ ಮೊದಲು ಕೇಳಬೇಕು. ಲೆಕ್ಕಪರಿಶೋಧಕರ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಜನಪ್ರಿಯ ಆನ್‌ಲೈನ್ ಪಾಠಗಳು ಹೆಚ್ಚಾಗಿ ಹಿಂದಿ ಬೆರೆತ ಇಂಗ್ಲಿಷಿನಲ್ಲಿರುತ್ತವೆ. ಕುಂದಗೋಳ ತಾಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಜಮಾ, ಖರ್ಚು, ಸವಕಳಿ ಎಂದು ಕಲಿತ ಹುಡುಗಿಗೆ ಅದೇ ವಿಷಯ ಎರಡು ಹೊಸ ಭಾಷೆಗಳ ಮೂಲಕ, ತಾಸಿಗೆ ಐವತ್ತು ಪುಟದ ವೇಗದಲ್ಲಿ ಬಂದು ಬೀಳುತ್ತದೆ. ತನಗೆ ವಿಷಯವೇ ತಿಳಿಯುತ್ತಿಲ್ಲವೆಂದು ಅವಳು ಭಾವಿಸುತ್ತಾಳೆ. ಹಲವು ಸಲ ತಿಳಿಯದಿರುವುದು ವಿಷಯವಲ್ಲ, ಮಾತು. ಇದನ್ನು ಬೇರ್ಪಡಿಸುವ ಪರೀಕ್ಷೆ ಸುಲಭ: ಹತ್ತು ನಿಮಿಷದ ಪಾಠ ನೋಡಿ, ಮುಚ್ಚಿಟ್ಟು, ಅದರ ಸಾರವನ್ನು ಮೊದಲು ಕನ್ನಡದಲ್ಲಿ ಐದು ಸಾಲು, ಆಮೇಲೆ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಬೇಕು. ಕನ್ನಡದ ಸಾಲುಗಳು ಸರಿಯಿದ್ದು ಇಂಗ್ಲಿಷಿನವು ನಿಂತುಹೋದರೆ ಬೇಕಾದದ್ದು ಪದಕೋಶ ಮತ್ತು ಬರವಣಿಗೆಯ ಅಭ್ಯಾಸ. ಎರಡೂ ಬರದಿದ್ದರೆ ಪಾಠವನ್ನೇ ಮತ್ತೊಮ್ಮೆ ನೋಡಬೇಕು. ಇಲ್ಲಿ ಆನ್‌ಲೈನ್ ಪಾಠದ ಒಂದು ಉಪಕಾರವನ್ನು ಒಪ್ಪಲೇಬೇಕು. ಅರ್ಥವಾಗದ ವಾಕ್ಯವನ್ನು ನಿಲ್ಲಿಸಿ ಏಳು ಸಲ ಕೇಳಿದರೂ ಅದು ಬೇಸರಿಸುವುದಿಲ್ಲ, ತರಗತಿಯಲ್ಲಿ ಯಾರೂ ನಗುವುದಿಲ್ಲ. ನನ್ನ ಕಚೇರಿಯ ಒಬ್ಬ ತರಬೇತಿ ಸಹಾಯಕಿ ಹೀಗೆ ನಿಲ್ಲಿಸಿ ನಿಲ್ಲಿಸಿ ಕೇಳಿಯೇ ಇಂಟರ್‌ಮೀಡಿಯೇಟ್ ದಾಟಿದಳು. ಮುಖಾಮುಖಿ ತರಗತಿಯಲ್ಲಿ ಅವಳು ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದಳೆಂದು ನನಗೆ ಅನಿಸುವುದಿಲ್ಲ.

ಇನ್ನು ವಿದ್ಯಾರ್ಥಿಯ ಕೈಯಲ್ಲಿಲ್ಲದ ಸಂಗತಿಗಳು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ (2017-18) ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಶೇಕಡಾ 4.4ರಷ್ಟರಲ್ಲಿ ಮಾತ್ರ ಗಣಕಯಂತ್ರವಿತ್ತು, ಅಂತರ್ಜಾಲ ಸೌಲಭ್ಯ ಶೇಕಡಾ 14.9ರಷ್ಟಕ್ಕಿತ್ತು. ಎರಡು ವರ್ಷ ಕಳೆದು, 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಇದರ ಪರಿಣಾಮ ಎಲ್ಲರಿಗೂ ಕಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವು ‘ವಿದ್ಯಾಗಮ’ವನ್ನು ಆರಂಭಿಸಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಬೇಕಾಯಿತು. ಆನಂತರ ಮೊಬೈಲುಗಳು ಹಳ್ಳಿಹಳ್ಳಿಗೂ ಹೆಚ್ಚಿವೆ ನಿಜ. ಆದರೆ ಮನೆಯಲ್ಲಿ ಮೊಬೈಲ್ ಇರುವುದು ಬೇರೆ, ಸಂಜೆ ಏಳರಿಂದ ಒಂಬತ್ತರವರೆಗೆ ಅದು ಮಗಳ ಕೈಯಲ್ಲಿರುವುದು ಬೇರೆ. ಕೀರ್ದಿಯಲ್ಲಿ ‘ಯಾರು ಎಬ್ಬಿಸಿದರು, ಯಾತಕ್ಕೆ’ ಎಂಬ ಅಂಕಣವನ್ನು ಇಟ್ಟಿರುವುದು ಇದಕ್ಕಾಗಿಯೇ. ಹುಡುಗಿಯರ ಕೀರ್ದಿಗಳಲ್ಲಿ ಆ ಅಂಕಣವೇ ಹೆಚ್ಚು ತುಂಬಿರುವುದನ್ನು ನಾನು ಗಮನಿಸಿದ್ದೇನೆ.

ಋತುಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನವಲಗುಂದ ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹೆಸರು ಕೀಳುವ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮನೆಯವರೆಲ್ಲ ಹೊಲದಲ್ಲಿರುತ್ತಾರೆ. ಕಲಘಟಗಿಯ ಕಡೆ ಭತ್ತದ ಕೊಯ್ಲಿನ ದಿನಗಳು ಬೇರೆ. ಜೂನ್‌ನಲ್ಲಿ ಬರೆದ ಏಳು ದಿನದ ಕೀರ್ದಿ ಸೆಪ್ಟೆಂಬರ್‌ಗೆ ಸಲ್ಲುವುದಿಲ್ಲ. ಸುಗ್ಗಿಯಲ್ಲಿ ಮತ್ತೊಮ್ಮೆ ಬರೆದು, ಆ ತಿಂಗಳುಗಳಿಗೆ ಪಾಠದ ಭಾರವನ್ನು ಮೊದಲೇ ಇಳಿಸಿಕೊಳ್ಳುವುದು ಒಳಿತು. ತನ್ನದೇ ವೇಗದಲ್ಲಿ ಮುಗಿಸಬಹುದಾದ ಪಾಠಕ್ರಮದಲ್ಲಿ ಇದಕ್ಕೆ ಅವಕಾಶವಿದೆ, ನೇರ ಪ್ರಸಾರದ ತರಗತಿಯಲ್ಲಿ ಇಲ್ಲ. ಯಾವ ಬಗೆಯ ಕೋರ್ಸಿಗೆ ಹಣ ಕಟ್ಟಬೇಕೆಂಬುದನ್ನು ನಿರ್ಧರಿಸಲು ಈ ಒಂದು ಸಂಗತಿಯೇ ಸಾಕಾಗಬಹುದು.

ಕೀರ್ದಿ ಮುಗಿದ ಮೇಲೆ ಕೊರತೆಗಳನ್ನು ಎರಡು ಪುಟಗಳಲ್ಲಿ ಬೇರೆ ಬೇರೆ ಬರೆಯಲು ಹೇಳುತ್ತೇನೆ. ಎಡಪುಟ ತಾನು ಸರಿಪಡಿಸಿಕೊಳ್ಳಬೇಕಾದವುಗಳಿಗೆ: ತಡವಾಗಿ ಏಳುವುದು, ರೀಲ್ಸ್, ಕೇಳಲು ಸಂಕೋಚ. ಬಲಪುಟ ಇತರರು ಸರಿಪಡಿಸಬೇಕಾದವುಗಳಿಗೆ: ವಿದ್ಯುತ್ತು, ನೆಟ್‌ವರ್ಕ್, ಕುಳಿತುಕೊಳ್ಳಲು ಜಾಗ, ಮನೆಗೆಲಸ. ಎರಡನ್ನೂ ಒಂದೇ ಅಂಕವಾಗಿ ಕೂಡಿಸುವ ಪ್ರಶ್ನಾವಳಿಯು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದನ್ನೂ ಹುಡುಗನ ಸೋಮಾರಿತನದ ಖಾತೆಗೇ ಖರ್ಚು ಬರೆಯುತ್ತದೆ.

ನವಲಗುಂದದ ಆ ಹುಡುಗನ ಬಲಪುಟದಲ್ಲಿ ಇದ್ದದ್ದು ಒಂದೇ ಸಾಲು. ಅವನು ಹಗಲು ಕೆಲಸ ಮಾಡುತ್ತಿದ್ದ ಅಂಗಡಿಯಿಂದ ಹೊರಡುವಾಗ ರಾತ್ರಿ ಒಂಬತ್ತಾಗುತ್ತಿತ್ತು, ಮನೆ ಮುಟ್ಟಿ ಉಂಡು ಕೂರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಎಡಪುಟದಲ್ಲಿ ಆರು ಸಾಲುಗಳಿದ್ದವು, ಅವನ್ನು ಅವನೇ ಬರೆದುಕೊಂಡಿದ್ದ. ಬಲಪುಟದ ಸಾಲನ್ನು ನಾನು ಅಂಗಡಿಯ ಮಾಲೀಕರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ನಮ್ಮಂತೆಯೇ ವ್ಯಾಪಾರಸ್ಥರು. ಸ್ವಲ್ಪ ಹೊತ್ತು ಯೋಚಿಸಿ, ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಎರಡು ತಾಸು ಹಿಂದಿನ ಕೋಣೆಯಲ್ಲಿ ಅಂಗಡಿಯ ಗಣಕಯಂತ್ರದಲ್ಲಿಯೇ ಓದಿಕೊಳ್ಳಲಿ, ಕೀಲಿಯನ್ನು ಅವನ ಹತ್ತಿರವೇ ಕೊಡುತ್ತೇನೆ ಎಂದರು. ಮುಂದಿನ ಸಲ ಆರು ಅಂಕಗಳಿಂದ ತಪ್ಪಿತು. ಅದರ ಮುಂದಿನ ಸಲ ತೇರ್ಗಡೆಯಾದ. ಕೀರ್ದಿಯನ್ನು ಇನ್ನೂ ಬರೆಯುತ್ತಾನೆ. ಕಳೆದ ಸಲ ಬಂದಾಗ ತೋರಿಸಿದ ಪುಟದಲ್ಲಿ ರೀಲ್ಸ್ ಇಪ್ಪತ್ತೈದು ನಿಮಿಷವೆಂದು ಪ್ರಾಮಾಣಿಕವಾಗಿ ನಮೂದಿಸಿದ್ದ.