ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಬೇಡ

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಗೂ ತೈಲ ಕಾರ್ಖಾನೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಕರ್ನಾಟಕದ ದೊಡ್ಡ ತೈಲ ಸಂಸ್ಕರಣಾಗಾರ ಇರುವುದು ದೂರದ ಮಂಗಳೂರಿನ ಬಳಿ; ಅದು 1996ರಲ್ಲಿ ಕೆಲಸ ಆರಂಭಿಸಿತು. ಆದರೆ ಅಂಥ ಕಾರ್ಖಾನೆಗಳ ಸರಕು ಸಣ್ಣ ಊರುಗಳ ಅಂಗಡಿಗಳಿಗೂ ಬರುತ್ತದೆ. ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಡೀಸೆಲ್, ಬಣ್ಣದಂಗಡಿಯ ಥಿನ್ನರ್, ಕಳೆ ಕೊಚ್ಚುವ ಯಂತ್ರಕ್ಕೆಂದು ತಂದ ಪೆಟ್ರೋಲ್, ಮೂಲೆಯಲ್ಲಿ ಉಳಿದ ಸೀಮೆಎಣ್ಣೆ, ಎಲ್ಲವೂ ಬಹಳ ಸಲ ಸೇರುವುದು ಖಾಲಿಯಾದ ನೀರಿನ ಬಾಟಲಿಯನ್ನೇ. ಬಾಯಾರಿದ ಮಗು ಅದನ್ನು ನೀರೆಂದೇ ತಿಳಿದು ಎತ್ತಿ ಕುಡಿಯುತ್ತದೆ.

ಇಂಥ ದ್ರವಗಳಿಂದ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಅಪಾಯ. ಇವು ಬಹಳ ತೆಳುವಾಗಿರುವುದರಿಂದ ಗಂಟಲಿನಿಂದ ಸುಲಭವಾಗಿ ಶ್ವಾಸನಾಳಕ್ಕೆ ಜಾರುತ್ತವೆ. ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ತೆಳು ಪೊರೆಯನ್ನು ಕೆಡಿಸಿ, ಉರಿಯೂತ ಉಂಟುಮಾಡುತ್ತವೆ. ಇದಕ್ಕೆ ಒಂದು ಗುಟುಕೂ ಸಾಕು.

ಆದ್ದರಿಂದಲೇ ವಾಂತಿ ಮಾಡಿಸಲೇಬಾರದು. ಗಂಟಲಿಗೆ ಬೆರಳು ಹಾಕುವುದು, ಉಪ್ಪುನೀರು ಕುಡಿಸುವುದು ಬೇಡ. ವಾಂತಿಯಾದಾಗ ಅದೇ ದ್ರವ ಮತ್ತೊಮ್ಮೆ ಗಂಟಲಿಗೆ ಬಂದು ಶ್ವಾಸನಾಳಕ್ಕೆ ನುಗ್ಗಬಹುದು. ಹಾಲು, ಎಣ್ಣೆ, ಮಜ್ಜಿಗೆ ಕುಡಿಸುವುದೂ ಬೇಡ.

ಹಾಗಾದರೆ ಮಾಡಬೇಕಾದ್ದೇನು? ಮಗುವನ್ನು ನೆಟ್ಟಗೆ ಕೂರಿಸಿ, ಬಾಯಿ ಒರೆಸಿ. ಬಟ್ಟೆ ನೆಂದಿದ್ದರೆ ಬಿಚ್ಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ತಾನಾಗಿ ವಾಂತಿಯಾದರೆ ಮಗುವನ್ನು ಮುಂದಕ್ಕೆ ಬಾಗಿಸಿ. ಪ್ರಜ್ಞೆ ತಪ್ಪಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ. ಹತ್ತಿರ ಬೀಡಿ, ಬೆಂಕಿ ಇರಕೂಡದು. ಕೊಳ್ಳೇಗಾಲದ ಬಸ್ಸಿಗಾಗಿ ಕಾಯುತ್ತ ಕೂರದೆ 108ಕ್ಕೆ ಕರೆ ಮಾಡಿ. ಕುಡಿದ ದ್ರವದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿದ್ದದ್ದು ಕೀಟನಾಶಕವಾದರೆ ಚಿಕಿತ್ಸೆಯೇ ಬೇರೆ.

ಕೆಮ್ಮು, ಏದುಸಿರು, ತುಟಿ ನೀಲಿಯಾಗುವುದು, ಮಂಪರು, ಇವು ಅಪಾಯದ ಚಿಹ್ನೆಗಳು. ಕೆಲವು ಸಲ ಇವು ಕೆಲವು ಗಂಟೆ ತಡವಾಗಿಯೂ ಕಾಣಿಸಿಕೊಳ್ಳುತ್ತವೆ. ಮಗು ಆಡಿಕೊಂಡಿದ್ದರೂ ವೈದ್ಯರು ಆರೆಂಟು ಗಂಟೆ ಆಸ್ಪತ್ರೆಯಲ್ಲೇ ಇರಲು ಹೇಳುವುದು ಇದಕ್ಕಾಗಿಯೇ. ಬೇಸರಪಟ್ಟು ಹೊರಟು ಬರಬೇಡಿ.

ಈ ಅಪಾಯ ಮಕ್ಕಳಿಗೆ ಮಾತ್ರವಲ್ಲ. ಬೈಕಿನ ಟ್ಯಾಂಕಿನಿಂದ ಪೆಟ್ರೋಲನ್ನು ಕೊಳವೆಯಲ್ಲಿ ಬಾಯಿಂದ ಎಳೆಯುವ ಮೆಕ್ಯಾನಿಕ್‌ಗೂ ಇದೇ ಗತಿ ಬರಬಹುದು. ಇದಕ್ಕೆ ಕಡಿಮೆ ಬೆಲೆಯ ಕೈಪಂಪು ಸಿಗುತ್ತದೆ, ಅದನ್ನು ಬಳಸಿ.

ಅಂಗಡಿಯವರು ನೀರು ಅಥವಾ ತಂಪು ಪಾನೀಯದ ಬಾಟಲಿಗೆ ಥಿನ್ನರ್, ಸೀಮೆಎಣ್ಣೆ ಸುರಿದು ಕೊಡಬಾರದು. ಮನೆಯವರೂ ಹಾಗೆ ಕೇಳಬಾರದು. ಇಂಥ ದ್ರವಗಳನ್ನು ಬಿಗಿ ಮುಚ್ಚಳದ, ಹೆಸರು ಬರೆದ ಡಬ್ಬಿಯಲ್ಲಿ, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಇವತ್ತೇ ಒಮ್ಮೆ ಮನೆಯ ಮೂಲೆಮೂಲೆಯನ್ನೂ ನೋಡಿಬಿಡಿ.