ವಿಪಿಎನ್ ಕನೆಕ್ಟ್ ಆಗ್ತಿಲ್ವಾ? ಅನ್‌ಇನ್‌ಸ್ಟಾಲ್ ಮಾಡೋ ಮೊದಲು ಎಲ್ಲಿ ನಿಂತಿದೆ ನೋಡಿ

ಈ ಸಲದ ವೀಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗೋ ಹಾಗೆ ಇಲ್ಲಿ ಬರೆದಿದ್ದೇನೆ.

ವಿಷಯ ನಮ್ಮಲ್ಲಿ ಬಹಳ ಜನ ಅನುಭವಿಸಿರೋದೇ. ಕೆಲಸ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುತ್ತೆ. ಹಬ್ಬಕ್ಕೆ ಅಂತಲೋ, ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತಲೋ ಊರಿಗೆ ಹೋಗ್ತೀವಿ. ಒಂದು ವಾರ ಅಲ್ಲಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರನ್ನ ಒಪ್ಪಿಸಿರ್ತೀವಿ. ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದು ವಿಪಿಎನ್ ಕನೆಕ್ಟ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ. ಕನೆಕ್ಟ್ ಆಗಲಿಲ್ಲ ಅಂದ್ರೆ ಒಂದೋ ರಜೆ ಹಾಕಬೇಕು, ಇಲ್ಲಾ ರಾತ್ರಿ ಬಸ್ಸು ಹತ್ತಬೇಕು.

ಆಗ ಎಲ್ಲರೂ ಮೊದಲು ಮಾಡೋದು ಏನು? ವಿಪಿಎನ್ ಸಾಫ್ಟ್‌ವೇರನ್ನ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕೋದು. ಆಫೀಸಿನ ಲ್ಯಾಪ್‌ಟಾಪಲ್ಲಿ ದಯವಿಟ್ಟು ಇದನ್ನ ಮೊದಲ ಹೆಜ್ಜೆ ಮಾಡ್ಕೋಬೇಡಿ. ಅದರ ಜೊತೆ ಕಂಪನಿ ಹಾಕಿಕೊಟ್ಟ ಪ್ರೊಫೈಲ್, ಕೆಲವೊಮ್ಮೆ ಸರ್ಟಿಫಿಕೇಟ್ ಕೂಡ ಹೋಗಿಬಿಡಬಹುದು. ವಾಪಸ್ ಹಾಕೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತೆ, ಅದು ನಮ್ಮ ಹತ್ರ ಇರಲ್ಲ. ಅರ್ಧ ಗಂಟೆಯಲ್ಲಿ ಸರಿಹೋಗೋ ಸಮಸ್ಯೆ ಆಫೀಸಿಗೇ ಹೋಗಿ ಸರಿಮಾಡಿಸಬೇಕಾದ ಸಮಸ್ಯೆ ಆಗುತ್ತೆ. ಹಾಗಾಗಿ ರಿಪೇರಿಗೆ ಕೈಹಾಕೋ ಮೊದಲು ಸಂಪರ್ಕ ಎಲ್ಲಿಯವರೆಗೆ ಹೋಗಿ ನಿಂತಿದೆ ಅಂತ ಗೊತ್ತು ಮಾಡ್ಕೊಳ್ಳಿ.

ಒಂದು ಬಟನ್ ಹಿಂದೆ ಐದು ಹೆಜ್ಜೆ

ಮುಂಬೈ, ಪುಣೆಯ ಹೌಸಿಂಗ್ ಸೊಸೈಟಿ ನೆನಪಿಸಿಕೊಳ್ಳಿ. ಸ್ನೇಹಿತರ ಮನೆಗೆ ಹೋಗ್ಬೇಕು ಅಂದ್ರೆ ಮೊದಲು ರಸ್ತೆ ಬೇಕು. ಆಮೇಲೆ ವಿಳಾಸ ಸಿಗಬೇಕು. ಗೇಟು ತೆರೆದಿರಬೇಕು. ವಾಚ್‌ಮನ್ ನಿಮ್ಮ ಹೆಸರು ಕೇಳಿ ಒಳಗೆ ಬಿಡಬೇಕು. ಒಳಗೆ ಹೋದ ಮೇಲೂ ಸರಿಯಾದ ವಿಂಗ್ ಹುಡುಕಿ ಲಿಫ್ಟ್ ಹತ್ತಬೇಕು.

ವಿಪಿಎನ್ ಕೂಡ ಹೀಗೇ. ಒಂದು, ಇಂಟರ್ನೆಟ್. ಎರಡು, ಆಫೀಸಿನ ವಿಪಿಎನ್ ಸರ್ವರಿನ ಹೆಸರಿಂದ ಅದರ ಐಪಿ ವಿಳಾಸ ಹುಡುಕೋದು, ಅಂದ್ರೆ ಡಿಎನ್‌ಎಸ್. ಮೂರು, ಆ ಸರ್ವರಿನ ಗೇಟು, ಅಂದ್ರೆ ಪೋರ್ಟ್, ತಲುಪೋದು. ನಾಲ್ಕು, ಗುರುತಿನ ಪರೀಕ್ಷೆ: ಸರ್ಟಿಫಿಕೇಟ್, ಪಾಸ್‌ವರ್ಡ್, ಓಟಿಪಿ. ಐದು, ಸುರಂಗ ತಯಾರಾದ ಮೇಲೆ ಒಳಗಿನ ಫೈಲು, ವೆಬ್‌ಸೈಟುಗಳಿಗೆ ದಾರಿ. ಗೇಟೇ ಮುಚ್ಚಿರುವಾಗ ಪಾಸ್‌ವರ್ಡ್ ಹತ್ತು ಸಲ ಹಾಕಿದ್ರೆ ಏನೂ ಪ್ರಯೋಜನ ಇಲ್ಲ.

ಎರಡು ನಿಮಿಷದ ಹಾಟ್‌ಸ್ಪಾಟ್ ಪರೀಕ್ಷೆ

ನಾನು ಎಲ್ಲಕ್ಕಿಂತ ಮೊದಲು ಮಾಡಿಸೋ ಪರೀಕ್ಷೆ ಇದು. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಮತ್ತೆ ಕನೆಕ್ಟ್ ಒತ್ತಿ. ಆಯ್ತಾ? ಹಾಗಾದ್ರೆ ಲ್ಯಾಪ್‌ಟಾಪು, ಪಾಸ್‌ವರ್ಡು, ಆಫೀಸಿನ ಸರ್ವರು ಎಲ್ಲ ಸರಿಯಾಗಿವೆ. ತೊಂದರೆ ಇರೋದು ಆ ವೈಫೈ ದಾರಿಯಲ್ಲಿ. ಹಾಟ್‌ಸ್ಪಾಟಲ್ಲೂ ಅದೇ ತಪ್ಪು ಬಂದ್ರೆ ನೋಡಬೇಕಾದ್ದು ಲ್ಯಾಪ್‌ಟಾಪು, ಖಾತೆ, ಇಲ್ಲಾ ಸರ್ವರು. ಸಹೋದ್ಯೋಗಿಗೆ ಒಂದು ಮೆಸೇಜ್ ಹಾಕಿ, ಅವರಿಗೂ ಆಗ್ತಿಲ್ಲ ಅಂದ್ರೆ ಸರ್ವರೇ ಮಲಗಿದೆ. ನೀವು ಕಾಫಿ ಕುಡಿಯಿರಿ.

ರಸ್ತೆ ಮತ್ತು ವಿಳಾಸ

ವೈಫೈ ಚಿಹ್ನೆ ಇದ್ದ ಮಾತ್ರಕ್ಕೆ ಇಂಟರ್ನೆಟ್ ಇದೆ ಅಂತ ಅಲ್ಲ. ಹೋಟೆಲು, ವಿಮಾನ ನಿಲ್ದಾಣ, ರೈಲ್ವೆ ಸ್ಟೇಷನ್ನಿನ ವೈಫೈಗಳು ಮೊದಲು ಬ್ರೌಸರಲ್ಲಿ ಒಂದು ಪುಟ ತೋರಿಸಿ ಮೊಬೈಲ್ ನಂಬರ್, ಓಟಿಪಿ ಕೇಳ್ತವೆ. ಅದು ಮುಗಿಯೋವರೆಗೂ ವಿಪಿಎನ್ ಮುಂದೆ ಹೋಗಲ್ಲ. ಬ್ರೌಸರಲ್ಲಿ ನೀವು ಈಚೆಗೆ ನೋಡಿರದ ಯಾವುದಾದರೂ ಸೈಟ್ ತೆರೆದು ನೋಡಿ.

ಸೈಟುಗಳು ತೆರೀತಿವೆ, ಆದ್ರೆ ವಿಂಡೋಸ್ 868 ಅಂತ ತಪ್ಪು ತೋರಿಸ್ತಿದೆ ಅಂದ್ರೆ ಸರ್ವರಿನ ಹೆಸರಿಗೆ ವಿಳಾಸ ಸಿಗ್ತಿಲ್ಲ. ಹೆಸರಲ್ಲಿ ಒಂದು ಅಕ್ಷರ ತಪ್ಪಿದೆಯಾ ನೋಡಿ. ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಡಿಎನ್‌ಎಸ್ ನೆನಪನ್ನ ಅಳಿಸೋ ಕಮಾಂಡನ್ನ ವೀಡಿಯೋದಲ್ಲಿ ಟೈಪ್ ಮಾಡಿ ತೋರಿಸಿದ್ದೇನೆ. ಒಂದು ಎಚ್ಚರಿಕೆ: ಸರ್ವರಿಗೆ ಪಿಂಗ್ ಮಾಡಿದಾಗ ಉತ್ತರ ಬರಲಿಲ್ಲ ಅಂತ ಸರ್ವರ್ ಸತ್ತಿದೆ ಅಂದ್ಕೋಬೇಡಿ. ಎಷ್ಟೋ ಆಫೀಸುಗಳು ಪಿಂಗಿಗೆ ಉತ್ತರ ಕೊಡೋದನ್ನೇ ನಿಲ್ಲಿಸಿರ್ತಾರೆ.

ಗೇಟು: ಪೋರ್ಟುಗಳ ಕಥೆ

ಪುಣೆಯಲ್ಲಿ ಓಡೋ ವಿಪಿಎನ್ ಊರಲ್ಲಿ, ಹೋಟೆಲಲ್ಲಿ, ಪೀಜಿಯಲ್ಲಿ ನಿಲ್ಲೋದು ಬಹಳ ಸಲ ಇಲ್ಲೇ. ಪ್ರತಿಯೊಂದು ಬಗೆಯ ವಿಪಿಎನ್ನಿಗೂ ಅದರದೇ ಗೇಟ್ ನಂಬರ್ ಇದೆ. ಐಪಿಸೆಕ್, ಐಕೆಇವಿ2 ಬಳಸೋದು ಯುಡಿಪಿ 500 ಮತ್ತು 4500. ಓಪನ್‌ವಿಪಿಎನ್ ಸಾಮಾನ್ಯವಾಗಿ ಯುಡಿಪಿ 1194. ವೈರ್‌ಗಾರ್ಡ್ ಸಾಮಾನ್ಯವಾಗಿ ಯುಡಿಪಿ 51820. ಎಸ್‌ಎಸ್‌ಎಲ್ ವಿಪಿಎನ್‌ಗಳು ಹೆಚ್ಚಾಗಿ ಟಿಸಿಪಿ 443, ಅಂದ್ರೆ ಬ್ರೌಸರ್ ಸುರಕ್ಷಿತ ಸೈಟುಗಳಿಗೆ ಹೋಗೋ ಬಾಗಿಲೇ.

ಕೆಲವು ವೈಫೈಗಳಲ್ಲಿ 443 ಬಿಟ್ಟು ಉಳಿದದ್ದನ್ನ ತಡೆದಿರ್ತಾರೆ. ಆಗ ಗೂಗಲ್, ಯೂಟ್ಯೂಬ್ ಎಲ್ಲ ಚೆನ್ನಾಗಿ ಓಡುತ್ತೆ, ವಿಪಿಎನ್ ಮಾತ್ರ ಇಲ್ಲ. ವಿಂಡೋಸಲ್ಲಿ 809 ಬಂದ್ರೆ, ಓಪನ್‌ವಿಪಿಎನ್ 60 ಸೆಕೆಂಡಲ್ಲಿ ಕೀ ಮಾತುಕತೆ ಮುಗೀಲಿಲ್ಲ ಅಂದ್ರೆ ಅನುಮಾನ ಇದರ ಮೇಲೇ ಇರಲಿ. ವೈರ್‌ಗಾರ್ಡ್ ಅಂತೂ ಬಾಯೇ ಬಿಡಲ್ಲ. ಆಕ್ಟಿವ್ ಅಂತ ತೋರಿಸುತ್ತೆ, ಆದ್ರೆ ಹ್ಯಾಂಡ್‌ಶೇಕ್ ಸಾಲೇ ಇರಲ್ಲ, ಬಂದ ಡೇಟಾ ಸೊನ್ನೆ. ಅಂದ್ರೆ ಅದು ಕನೆಕ್ಟ್ ಆಗೇ ಇಲ್ಲ.

ಪರಿಹಾರ? ನಿಮ್ಮ ಕ್ಲೈಂಟಿನ ಸೆಟ್ಟಿಂಗಲ್ಲಿ ಟಿಸಿಪಿ ಅಥವಾ 443 ಆಯ್ಕೆ ಇದ್ರೆ ಹಾಕಿ ನೋಡಿ. ಮನೆ ರೂಟರಿನಲ್ಲಿ ವಿಪಿಎನ್ ಪಾಸ್‌ಥ್ರೂ ಅನ್ನೋದು ಇದ್ರೆ ಆನ್ ಇದೆಯಾ ನೋಡಿ. ಇಲ್ಲದಿದ್ರೆ ಆ ದಿನದ ಕೆಲಸ ಹಾಟ್‌ಸ್ಪಾಟಲ್ಲಿ ಮುಗಿಸಿ, ಬ್ರಾಡ್‌ಬ್ಯಾಂಡಿನವರಿಗೆ ಪೋರ್ಟ್ ನಂಬರ್ ಸಮೇತ ದೂರು ಕೊಡಿ. "ನೆಟ್ ಸರಿ ಇಲ್ಲ" ಅಂದ್ರೆ ಅವರು ಸ್ಪೀಡ್ ಟೆಸ್ಟ್ ತೋರಿಸಿ ಹೋಗ್ತಾರೆ.

ವಾಚ್‌ಮನ್: ಪಾಸ್‌ವರ್ಡು ಮತ್ತು ಗಡಿಯಾರ

ಇಲ್ಲಿಗೆ ಬಂದಿದ್ದೀರಿ ಅಂದ್ರೆ ದಾರಿ ಸರಿ ಇದೆ. 691 ಬಂದ್ರೆ ಹೆಚ್ಚಾಗಿ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ ಅಂತ ಅರ್ಥ. ಪಾಸ್‌ವರ್ಡಿನ ಅವಧಿ ಮುಗಿದಿರಬಹುದು. ಎರಡು ಸಲ ಹಾಕಿದ್ರೂ ಆಗಲಿಲ್ಲ ಅಂದ್ರೆ ನಿಲ್ಲಿಸಿ. ಹಟಕ್ಕೆ ಬಿದ್ದು ಹಾಕ್ತಾ ಹೋದ್ರೆ ಖಾತೆಯೇ ಲಾಕ್ ಆಗಬಹುದು. ಆಗ ಒಂದಿದ್ದ ಸಮಸ್ಯೆ ಎರಡಾಗುತ್ತೆ.

ಇನ್ನೊಂದು, ಯಾರೂ ನೋಡದ ಜಾಗ: ಗಡಿಯಾರ. ಬಹಳ ದಿನ ಮುಚ್ಚಿಟ್ಟ ಲ್ಯಾಪ್‌ಟಾಪಿನ ತಾರೀಕು ಹಿಂದೆ ಹೋಗಿದ್ರೆ ಸರ್ಟಿಫಿಕೇಟ್ ಅದಕ್ಕೆ ಇನ್ನೂ ಹುಟ್ಟೇ ಇಲ್ಲದ ಹಾಗೆ ಕಾಣಿಸಬಹುದು. ಹಾಗಾದ್ರೆ ಸಂಪರ್ಕ ಬೇಡ ಅನ್ನುತ್ತೆ. ಆಥೆಂಟಿಕೇಟರ್ ಆಪ್‌ಗಳಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗೋ ಸಂಖ್ಯೆ ಕೂಡ ಫೋನಿನ ಸಮಯದಿಂದ ಲೆಕ್ಕ ಹಾಕಿದ್ದು. ಫೋನಿನ ಗಡಿಯಾರ ಕೆಲವು ನಿಮಿಷ ಆಚೀಚೆ ಇದ್ರೆ ಸರ್ವರ್ ಒಪ್ಪಲ್ಲ. ಎರಡರಲ್ಲೂ ಸಮಯ ಆಟೋಮ್ಯಾಟಿಕ್ ಇರಲಿ.

ಕನೆಕ್ಟೆಡ್ ಅಂತ ಇದೆ, ಏನೂ ತೆರೆಯಲ್ಲ

ಇದು ಬೇರೆಯೇ ಕಾಯಿಲೆ. ಒಂದು ಕಾರಣ ವಿಳಾಸಗಳ ಜಗಳ. ಮನೆ ರೂಟರುಗಳು ಸಾಮಾನ್ಯವಾಗಿ 192.168.0 ಅಥವಾ 192.168.1 ಸಾಲಿನ ವಿಳಾಸ ಹಂಚ್ತವೆ. ಆಫೀಸಿನ ಫೈಲ್ ಸರ್ವರೂ ಅದೇ ಸಾಲಲ್ಲಿದ್ರೆ ಲ್ಯಾಪ್‌ಟಾಪು ಅದನ್ನ ಮನೆಯೊಳಗೇ ಹುಡುಕುತ್ತೆ. ಹಾಟ್‌ಸ್ಪಾಟಲ್ಲಿ ಓಡಿ ವೈಫೈಯಲ್ಲಿ ಓಡದಿದ್ರೆ ಇದನ್ನೂ ನೋಡಿ. ರೂಟರಿನ ಸಾಲನ್ನ 192.168.77 ಅಂತ ಏನಾದರೂ ಬದಲಾಯಿಸಿದ್ರೆ ಜಗಳ ಮುಗಿಯುತ್ತೆ.

ಇನ್ನೊಂದು ಕಾರಣ ಪೊಟ್ಟಣದ ಗಾತ್ರ, ಎಂಟಿಯು. ಸಾಮಾನ್ಯ ಗಾತ್ರ 1500 ಬೈಟ್. ಪಿಪಿಪಿಒಇ ಬ್ರಾಡ್‌ಬ್ಯಾಂಡಲ್ಲಿ ಅದು 1492ಕ್ಕೆ ಇಳಿಯುತ್ತೆ. ಅದರ ಮೇಲೆ ವಿಪಿಎನ್ ತನ್ನ ಹೊದಿಕೆ ಹೊದಿಸುತ್ತೆ. ತುಂಬಿದ ಪೊಟ್ಟಣ ಎಲ್ಲೋ ಮಧ್ಯೆ ಬಿದ್ದುಹೋಗುತ್ತೆ. ಲಕ್ಷಣ ಏನು ಅಂದ್ರೆ ಚಿಕ್ಕ ಪುಟ ತೆರೆಯುತ್ತೆ, ದೊಡ್ಡ ಫೈಲ್ ಶುರುವಾಗಿ ನಿಂತುಬಿಡುತ್ತೆ. ಹೀಗಿದ್ರೆ ಐಟಿಯವರಿಗೆ ಎಂಟಿಯು ಕಡಿಮೆ ಮಾಡಿಕೊಡಿ ಅಂತ ಕೇಳಿ.

ನಿನ್ನೆ ಓಡ್ತಿತ್ತು, ಇವತ್ತು ಇಲ್ಲ

ಯಾವ ನೆಟ್‌ವರ್ಕಲ್ಲೂ ಆಗ್ತಿಲ್ಲ, ನೀವು ಏನೂ ಬದಲಾಯಿಸಿಲ್ಲ ಅಂದ್ರೆ ವಿಂಡೋಸ್ ಅಪ್‌ಡೇಟ್ ಹಿಸ್ಟರಿ ತೆರೆದು ನೋಡಿ. 2022ರ ಜನವರಿಯ ಅಪ್‌ಡೇಟ್ ಆದ ಮೇಲೆ ವಿಂಡೋಸಿನ ಎಲ್‌2ಟಿಪಿ ವಿಪಿಎನ್ ಸಂಪರ್ಕಗಳು ಕೆಟ್ಟವು. ಮೈಕ್ರೋಸಾಫ್ಟ್ ಅದೇ ತಿಂಗಳು 17ಕ್ಕೆ ತುರ್ತು ಅಪ್‌ಡೇಟ್ ಕೊಟ್ಟಿತು. 2024ರ ಏಪ್ರಿಲ್ ಅಪ್‌ಡೇಟಿನಲ್ಲೂ ವಿಪಿಎನ್ ತೊಂದರೆ ಆಗುತ್ತೆ ಅಂತ ಅವರೇ ಒಪ್ಪಿಕೊಂಡರು, ಮೇ ತಿಂಗಳ ಅಪ್‌ಡೇಟಿನಲ್ಲಿ ಸರಿಪಡಿಸಿದರು. ಅಂದ್ರೆ ತಪ್ಪು ಯಾವಾಗಲೂ ನಮ್ಮದೇ ಅಲ್ಲ. ಮ್ಯಾಕ್ ಇರೋರು ಸೆಟ್ಟಿಂಗಲ್ಲಿ ವಿಪಿಎನ್ನಿಗೆ ಅನುಮತಿ ಕೇಳಿ ಕಾಯ್ತಿದೆಯಾ ನೋಡಿ. ಎರಡನೇ ವಿಪಿಎನ್ ಏನಾದ್ರೂ ಓಡ್ತಿದ್ರೆ ನಿಲ್ಲಿಸಿ.

ಇವನ್ನ ಮಾತ್ರ ಮಾಡಬೇಡಿ

ಆಂಟಿವೈರಸ್, ಫೈರ್‌ವಾಲ್ ಆಫ್ ಮಾಡಿ ಹಾಗೇ ಬಿಡಬೇಡಿ. ಆಫೀಸಿನ ವಿಪಿಎನ್ ಬದಲು ಯಾವುದೋ ಉಚಿತ ವಿಪಿಎನ್ ಹಾಕಿದ್ರೆ ಆಫೀಸಿನ ನೆಟ್‌ವರ್ಕ್ ಸಿಗಲ್ಲ, ನಿಮ್ಮ ಸಂಚಾರ ಮಾತ್ರ ಗುರುತಿಲ್ಲದವರ ಕೈಗೆ ಹೋಗುತ್ತೆ. ಮುಖ್ಯವಾಗಿ, ಗಾಬರಿಯಲ್ಲಿ ಗೂಗಲಲ್ಲಿ ಹೆಲ್ಪ್‌ಲೈನ್ ನಂಬರ್ ಹುಡುಕಿ ಫೋನ್ ಮಾಡಬೇಡಿ. ಹಾಗೆ ಸಿಕ್ಕವರು ಲ್ಯಾಪ್‌ಟಾಪಿನ ಪರದೆ ಕೊಡಿ, ಓಟಿಪಿ ಹೇಳಿ ಅಂದ್ರೆ ಅದು ಮೋಸ ಅಂತಲೇ ತಿಳ್ಕೊಳ್ಳಿ. ಕಂಪನಿಯ ಐಟಿಯವರಿಗೂ ಓಟಿಪಿ ಹೇಳೋ ಅಗತ್ಯ ಇಲ್ಲ.

ಐಟಿಯವರಿಗೆ ಹೀಗೆ ಬರೆಯಿರಿ

"ವಿಪಿಎನ್ ಆಗ್ತಿಲ್ಲ, ಅರ್ಜೆಂಟ್" ಅಂತ ಬರೆದ್ರೆ ಅವರು ಮೊದಲ ಪ್ರಶ್ನೆಯಿಂದ ಶುರು ಮಾಡ್ತಾರೆ, ಅರ್ಧ ದಿನ ಹೋಗುತ್ತೆ. ಬದಲಿಗೆ ಇಷ್ಟು ಬರೆಯಿರಿ: "ಬೆಳಗ್ಗೆ 9.10ರಿಂದ ಕನೆಕ್ಟ್ ಆಗ್ತಿಲ್ಲ. ತಪ್ಪಿನ ಸಂಖ್ಯೆ 809. ಮನೆ ವೈಫೈಯಲ್ಲಿ ಆಗಲ್ಲ, ಮೊಬೈಲ್ ಹಾಟ್‌ಸ್ಪಾಟಲ್ಲಿ ಆಗುತ್ತೆ. ಪಾಸ್‌ವರ್ಡ್ ಸರಿ ಇದೆ. ಈಚೆಗೆ ಅಪ್‌ಡೇಟ್ ಆಗಿಲ್ಲ. ಸ್ಕ್ರೀನ್‌ಶಾಟ್ ಜೊತೆಗಿದೆ." ಇದನ್ನ ಇಂಗ್ಲಿಷಲ್ಲೋ ಹಿಂದಿಯಲ್ಲೋ ನಿಮ್ಮ ಆಫೀಸಿನ ರೂಢಿಯಂತೆ ಕಳಿಸಿ. ಓದಿದವರಿಗೆ ಎಲ್ಲಿಂದ ಹಿಡಿಯಬೇಕು ಅಂತ ತಕ್ಷಣ ಗೊತ್ತಾಗುತ್ತೆ.

ಊರಿಗೆ ಹೊರಡೋ ಎರಡು ದಿನ ಮೊದಲು ಮೂರು ಕೆಲಸ ಮಾಡ್ಕೊಳ್ಳಿ. ಮನೆಯಲ್ಲಿ ಹಾಟ್‌ಸ್ಪಾಟಿಂದ ಒಮ್ಮೆ ವಿಪಿಎನ್ ಕನೆಕ್ಟ್ ಮಾಡಿ ನೋಡಿ. ಪಾಸ್‌ವರ್ಡ್ ಅವಧಿ ಯಾವತ್ತು ಮುಗಿಯುತ್ತೆ ನೋಡಿ, ಹತ್ತಿರ ಇದ್ರೆ ಆಫೀಸಲ್ಲಿರುವಾಗಲೇ ಬದಲಾಯಿಸಿ. ಐಟಿಯವರ ಫೋನ್ ನಂಬರನ್ನ ಮೊಬೈಲಲ್ಲಿ ಸೇವ್ ಮಾಡ್ಕೊಳ್ಳಿ. ಯಾಕಂದ್ರೆ ಬಹಳ ಕಂಪನಿಗಳಲ್ಲಿ ಆ ನಂಬರ್ ಇರೋ ಪುಟ ತೆರೆಯೋಕೂ ವಿಪಿಎನ್ ಬೇಕು!