ಊಟಿಯಲ್ಲಿ ಹುಟ್ಟಿದ ಎಂ.ಸಿ.ಸಿ.

ಕೂನೂರಿನಿಂದ ಏರುವ ಪುಟ್ಟ ರೈಲು ಲವ್‌ಡೇಲ್‌ನಲ್ಲಿ ನಿಂತು ಹೊರಟರೆ ಮುಂದಿನದು ಊಟಿ. ಲವ್‌ಡೇಲ್‌ನ ಲಾರೆನ್ಸ್ ಶಾಲೆ 1858ರಲ್ಲಿ ಬ್ರಿಟಿಷ್ ಸೈನಿಕರ ಮಕ್ಕಳಿಗೆಂದು ಆರಂಭವಾದದ್ದು. ತೋಟದ ದೊರೆಗಳ ಮಕ್ಕಳ ದಾರಿ ಬೇರೆ. ಐದಾರು ವರ್ಷ ತುಂಬುತ್ತಲೇ ಅವರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಸಾಗಿಸುವುದು ಆಗಿನ ವಾಡಿಕೆಯಾಗಿತ್ತು. ಹಾಗೆ ಹೋದವರಲ್ಲೊಬ್ಬ, ಮುಂದೆ ಇಂಗ್ಲೆಂಡಿನ ಕ್ರಿಕೆಟಿಗನಾದ ಕಾಲಿನ್ ಕೌಡ್ರಿ.

ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಊಟಿಯಲ್ಲಿ. ಹಲವು ದಾಖಲೆಗಳಲ್ಲಿ ಮಾತ್ರ ಹುಟ್ಟೂರು ನಮ್ಮ ಬೆಂಗಳೂರು ಎಂದಿದೆ! ಟೀ ತೋಟ ನೋಡಿಕೊಳ್ಳುತ್ತಿದ್ದ ತಂದೆ ಅರ್ನೆಸ್ಟ್‌ಗೆ ಕ್ರಿಕೆಟ್ ಹುಚ್ಚು. ಲಾರ್ಡ್ಸ್‌ನ ಎಂ.ಸಿ.ಸಿ. ಕ್ಲಬ್ಬಿನ ಅಕ್ಷರಗಳೇ ಬರಲೆಂದು ಮಗನಿಗೆ ಮೈಕೆಲ್ ಕಾಲಿನ್ ಎಂದು ಹೆಸರಿಟ್ಟ. 1938ರಲ್ಲಿ ಹುಡುಗ ಇಂಗ್ಲೆಂಡ್ ಸೇರಿದ. ಅಷ್ಟರಲ್ಲಿ ಯುದ್ಧ ಬಂತು. ಅದು ಮುಗಿಯುವವರೆಗೂ ಅಪ್ಪ-ಅಮ್ಮನ ಮುಖ ನೋಡಲಿಲ್ಲ. ಹದಿಮೂರರ ಪ್ರಾಯದಲ್ಲೇ ಲಾರ್ಡ್ಸ್ ಅಂಗಳದಲ್ಲಿ ಟನ್‌ಬ್ರಿಜ್ ಶಾಲೆಗೆ ಆಡಿದ.

1954ರಲ್ಲಿ ಇಂಗ್ಲೆಂಡ್ ತಂಡದೊಂದಿಗೆ ಆಸ್ಟ್ರೇಲಿಯ ಪ್ರವಾಸಕ್ಕೆ ಹೊರಟ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡರು. ಆ ದುಃಖದಲ್ಲೇ ಮೆಲ್ಬರ್ನ್‌ನಲ್ಲಿ ಮೊದಲ ಶತಕ ಬಂತು: ತಂಡದ 191ರಲ್ಲಿ ಇವರದೇ 102. ಕೌಡ್ರಿಯವರ ಇಪ್ಪತ್ತೆರಡು ಟೆಸ್ಟ್ ಶತಕಗಳಲ್ಲಿ ನನ್ನ ಆಯ್ಕೆ ಇದೇ. 1963ರಲ್ಲಿ ವೆಸ್ಟ್ ಇಂಡೀಸ್ ವೇಗಿ ವೆಸ್ ಹಾಲ್ ಎಸೆತಕ್ಕೆ ಎಡಗೈ ಮೂಳೆ ಮುರಿದರೂ, ಲಾರ್ಡ್ಸ್ ಟೆಸ್ಟ್ ಉಳಿಸಲು ಪಟ್ಟಿ ಕಟ್ಟಿದ ಕೈಯಲ್ಲೇ ಕೊನೆಯವರಾಗಿ ಕ್ರೀಸಿಗೆ ಬಂದರು. ನೂರು ಟೆಸ್ಟ್ ಆಡಿದ ಮೊದಲಿಗರೂ ಅವರೇ. 1968ರ ಆ ನೂರನೆಯ ಪಂದ್ಯದಲ್ಲಿ 104 ಹೊಡೆದರು.

1974ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದ ವೇಗಿಗಳಾದ ಲಿಲ್ಲೀ, ಥಾಮ್ಸನ್ ದಾಳಿಗೆ ಇಂಗ್ಲೆಂಡ್ ತಂಡ ನಲುಗಿದಾಗ ಇಂಗ್ಲೆಂಡಿನ ಚಳಿಯಲ್ಲಿದ್ದ ಕೌಡ್ರಿಗೆ ಕರೆ ಹೋಯಿತು. ನಲವತ್ತೆರಡು ತುಂಬಲು ಕೆಲವೇ ದಿನ. ನೇರ ಪರ್ತ್‌ಗೆ ಹಾರಿ, ಸರಿಯಾದ ಅಭ್ಯಾಸವಿಲ್ಲದೆ 22 ಮತ್ತು 41 ಗಳಿಸಿದರು. ಆಗ ನಾಯಕ ಮೈಕ್ ಡೆನ್ನೆಸ್. ಸ್ಕಾಟ್ಲೆಂಡಿನ ಬೆಲ್ಸ್‌ಹಿಲ್‌ನಲ್ಲಿ ಹುಟ್ಟಿದವರು, ಕೆಂಟ್ ಕೌಂಟಿಯಲ್ಲಿ ಕೌಡ್ರಿಯ ನಂತರ ನಾಯಕರಾದವರು. ಒಬ್ಬ ಸ್ಕಾಟ್, ಒಬ್ಬ ನೀಲಗಿರಿಯವ, ಇಬ್ಬರೂ ಇಂಗ್ಲೆಂಡಿನ ಟೋಪಿಯಲ್ಲಿ! ರನ್ ಬಾರದೆ ಡೆನ್ನೆಸ್ ಸಿಡ್ನಿ ಟೆಸ್ಟ್‌ನಿಂದ ತಾವೇ ಹೊರಗುಳಿದರು. ನಾಯಕನೊಬ್ಬ ಹಾಗೆ ಮಾಡುವುದು ಅಪರೂಪ. ಮರಳಿ ಬಂದು ಮೆಲ್ಬರ್ನ್‌ನ ಕೊನೆಯ ಟೆಸ್ಟ್‌ನಲ್ಲಿ 188 ಹೊಡೆದರು. ಇಂಗ್ಲೆಂಡ್ ಇನಿಂಗ್ಸ್ ಅಂತರದಿಂದ ಗೆದ್ದಿತು. ನಮ್ಮವರಿಗೆ ಮಾತ್ರ ಡೆನ್ನೆಸ್ ಎಂದರೆ 2001ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ತೆಂಡೂಲ್ಕರ್‌ಗೆ ದಂಡ ಹಾಕಿದ ರೆಫರಿ, ಅಷ್ಟೇ.

ಆ ಮೆಲ್ಬರ್ನ್ ಪಂದ್ಯವೇ ಕೌಡ್ರಿಯ 114ನೆಯ ಮತ್ತು ಕೊನೆಯ ಟೆಸ್ಟ್.